ಎಡೆದೊರೆಯ ಗಾಳ ಮತ್ತು ಹಿಟ್ಟಿನ ಉಂಡೆ

ಜಿಂಕೆಯ ಒರಟು ಕೂದಲಿನ ಸಣ್ಣ ಕಟ್ಟೊಂದನ್ನು ಗಾಳದ ಕಡ್ಡಿಗೆ ಒತ್ತಿ, ದಾರ ಸುತ್ತಿ ಬಿಗಿದರೆ ಕೂದಲು ಸುತ್ತಲೂ ಸೆಟೆದು ನಿಲ್ಲುತ್ತದೆ. ಹೀಗೆ ಒಂದರ ಹಿಂದೊಂದು ಕಟ್ಟು ಕೂಡಿಸಿ, ಒತ್ತೊತ್ತಾಗಿ ಸರಿಸಿ, ಕತ್ತರಿಯಿಂದ ಸವರಿದರೆ ಕಪ್ಪೆಯ ಅಥವಾ ಇಲಿಯ ಆಕಾರ ಬರುತ್ತದೆ. ಚಳಿನಾಡಿನ ಜಿಂಕೆಯ ಕೂದಲೊಳಗೆ ಗಾಳಿ ತುಂಬಿದ ಕೋಶಗಳಿರುವುದರಿಂದ ಆ ಹುಸಿ ಕಪ್ಪೆ ತೇಲುತ್ತದೆ. ಅದನ್ನು ನೀರ ಮೇಲೆ ಎಳೆದಾಡಿಸಿದರೆ ಬಾಸ್ ಎಂಬ ಮೀನು ಕೆಳಗಿನಿಂದ ಎರಗಿ ಬಾಯಿ ಹಾಕುತ್ತದೆ. ಉತ್ತರ ಅಮೆರಿಕದವರು ಇದನ್ನು ಕುಶಲಕಲೆ ಎಂದು ಗೌರವಿಸುತ್ತಾರೆ, ಅದರ ಇತಿಹಾಸ ಬರೆಯುತ್ತಾರೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಸಿರವಾರ, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಇಂಥ ಹುಸಿ ಎರೆಯ ಪರಂಪರೆ ಬೆಳೆಯಲಿಲ್ಲ. ಇಲ್ಲಿ ಮೀನು ಹಿಡಿಯುವುದು ಬರೀ ಹೊಟ್ಟೆಪಾಡಾಗಿತ್ತು, ಅದಕ್ಕೆ ಕಲೆಯ ಗೊಡವೆ ಇರಲಿಲ್ಲ ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ಈ ಮಾತು ತಪ್ಪು ಎಂಬುದೇ ನನ್ನ ವಾದ. ಗಾಳದ ವಿದ್ಯೆ ಈ ನಾಡಿನಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ಶಾಸ್ತ್ರವಾಗಿ ಬರಹಕ್ಕೆ ಇಳಿದಿತ್ತು. ಇಲ್ಲಿಯ ನೀರಿಗೂ ಮೀನಿಗೂ ತಕ್ಕಂತೆ ಆ ಕುಶಲತೆ ಕೂದಲಿನ ಬದಲು ಹಿಟ್ಟಿನ ಉಂಡೆಯಲ್ಲಿ ನೆಲೆಸಿತು.

ಮೊದಲ ಸಾಕ್ಷ್ಯ ಮಾನಸೋಲ್ಲಾಸ. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 12ನೇ ಶತಮಾನದ ಎರಡನೇ ಕಾಲುಭಾಗದಲ್ಲಿ ಕಲ್ಯಾಣದಿಂದ ಆಳಿದ. ಎರಡು ನದಿಗಳ ನಡುವಿನ ಈ ಭಾಗವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಅದು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಸುಮಾರು 1130ರ ಹೊತ್ತಿಗೆ ಸೋಮೇಶ್ವರ ರಚಿಸಿದ ಈ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ಅಡುಗೆ, ಸಂಗೀತ, ಆನೆ, ರತ್ನ, ಔಷಧಗಳ ಜೊತೆಗೆ ಮತ್ಸ್ಯವಿನೋದ ಎಂಬ ಭಾಗವೂ ಅದರಲ್ಲಿದೆ. ಸುಮಾರು 35 ಬಗೆಯ ಮೀನುಗಳನ್ನು ಅಲ್ಲಿ ಹೆಸರಿಸಲಾಗಿದೆ. ಸಮುದ್ರದ್ದು ಯಾವುದು, ಹೊಳೆಯದು ಯಾವುದು, ಹುರುಪೆ ಇರುವುದು ಯಾವುದು, ಬರಿಮೈಯದು ಯಾವುದು, ಗಾತ್ರದಲ್ಲಿ ದೊಡ್ಡದೆಷ್ಟು, ಸಣ್ಣದೆಷ್ಟು ಎಂದು ವಿಂಗಡಿಸಲಾಗಿದೆ. ಯಾವ ಮೀನಿಗೆ ಯಾವ ಮೇವು ಇಟ್ಟು ಕೊಬ್ಬಿಸಬೇಕು, ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ, ಕೋಲು ಮತ್ತು ದಾರ ಹೇಗಿರಬೇಕು ಎಂಬ ವಿವರಗಳೂ ಇವೆ. 1925ರಿಂದ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದರ ಸಂಪುಟಗಳು ಅಚ್ಚಾದವು. 1951ರಲ್ಲಿ ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಈ ಭಾಗವನ್ನು ಬಿಡಿಸಿ ವಿದ್ವತ್ ಲೋಕದ ಮುಂದಿಟ್ಟರು. ಪ್ರಾಣಿಶಾಸ್ತ್ರ ಬಲ್ಲವರೊಬ್ಬರು ಗಂಭೀರವಾಗಿ ಓದಬೇಕೆನಿಸಿದ ಪಠ್ಯವನ್ನು ಬರೀ ಅರಮನೆಯ ಆಟದ ವರ್ಣನೆ ಎಂದು ತಳ್ಳಿಹಾಕಲಾಗದು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಸಂಸ್ಕೃತದಲ್ಲಿ ಬರೆದ ರಾಜನ ಗ್ರಂಥ ಎಡೆದೊರೆಯ ಹೊಳೆದಂಡೆಯ ಬೆಸ್ತರ, ಅಂಬಿಗರ ಬದುಕಿಗೆ ಹೇಗೆ ಸಾಕ್ಷಿಯಾದೀತು? ಆದರೆ ಆ ಪಠ್ಯದಲ್ಲಿರುವ ತಿಳಿವಳಿಕೆಯ ಸ್ವರೂಪವನ್ನು ನೋಡಬೇಕು. ಒಂದು ಮೀನು ಏನು ತಿನ್ನುತ್ತದೆ, ಯಾವ ಮೇವಿಗೆ ಮೈ ತುಂಬಿಕೊಳ್ಳುತ್ತದೆ ಎಂಬುದು ವಿನೋದಕ್ಕೆಂದು ಒಮ್ಮೊಮ್ಮೆ ನೀರಿಗೆ ಬರುವವನಿಗೆ ದಕ್ಕುವ ವಿಷಯವಲ್ಲ. ವರ್ಷವಿಡೀ ಅದೇ ನೀರಿನಲ್ಲಿ ಬಾಳಿದವರು ತಲೆಮಾರುಗಳಲ್ಲಿ ಕೂಡಿಟ್ಟ ವಿಷಯ ಅದು. ರಾಜ ಅದನ್ನು ಕೇಳಿ ತಿಳಿದ, ಕ್ರಮಕ್ಕೆ ತಂದ, ಬರೆದ. ಅವನ ಹೆಸರು ಉಳಿಯಿತು, ಹೇಳಿಕೊಟ್ಟವರ ಹೆಸರು ಉಳಿಯಲಿಲ್ಲ. ಅದೇ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡು ವಚನ ನುಡಿದ. ನೀರಿನ ಮೇಲೆ ದುಡಿಯುವವರು ಆ ಕಾಲದ ಅರಿವಿನ ಲೋಕದಿಂದ ಹೊರಗಿರಲಿಲ್ಲ ಎನ್ನಲು ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಗ್ರಂಥ ಅರಮನೆಯದು, ಅದರೊಳಗಿನ ವಿದ್ಯೆ ದಂಡೆಯದು ಎಂದು ನಾನು ಓದುತ್ತೇನೆ.

ಜಿಂಕೆ ಕೂದಲಿನ ಎರೆಯ ಇತಿಹಾಸವೂ ಇದೇ ಹಾದಿಯಲ್ಲಿ ಸಾಗಿದೆ. ಅಮೆರಿಕದ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ 1791ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಕಥನದಲ್ಲಿ ಫ್ಲಾರಿಡಾದ ಕಡೆಯ ಒಂದು ಪದ್ಧತಿಯನ್ನು ವಿವರಿಸುತ್ತಾನೆ. ಬೆನ್ನಿಗೆ ಬೆನ್ನು ಕೂಡಿಸಿದ ಮೂರು ಗಾಳಗಳಿಗೆ ಜಿಂಕೆ ಬಾಲದ ಬಿಳಿ ಕೂದಲು, ಕೆಂಪು ಬಟ್ಟೆಯ ಚೂರು, ಬಣ್ಣದ ಗರಿಗಳನ್ನು ಕಟ್ಟಿ, ಸಣ್ಣ ದೋಣಿಯಿಂದ ಉದ್ದ ಕೋಲಿನಲ್ಲಿ ಅದನ್ನು ನೀರ ಮೇಲೆ ಆಡಿಸುವ ಕ್ರಮ ಅದು. 1881ರಲ್ಲಿ ಬಾಸ್ ಮೀನಿನ ಬಗ್ಗೆ ದೊಡ್ಡ ಗ್ರಂಥ ಬರೆದ ವೈದ್ಯ ಜೇಮ್ಸ್ ಹೆನ್‌ಶಾಲ್‌ನ ಹೆಸರಿನಲ್ಲಿ ಮುಂದೆ ಒಂದು ಕೂದಲಿನ ಎರೆಯೇ ಪ್ರಸಿದ್ಧವಾಯಿತು. 1920ರ ದಶಕದ ಹೊತ್ತಿಗೆ ಆರ್ಲಿ ಟಟಲ್ ಎಂಬುವರ ಡೆವಿಲ್ ಬಗ್ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು. ಇಲ್ಲಿಯೂ ಬರೆದವರ, ಮಾರಿದವರ ಹೆಸರು ಉಳಿದಿದೆ. ಬಾರ್ಟ್ರಮ್ ಕಂಡ ಆ ದೋಣಿಯಲ್ಲಿದ್ದವರ ಹೆಸರು ಇಲ್ಲ. ಹೀಗಿರುವಾಗ ಒಂದು ಪರಂಪರೆಯನ್ನು ಕಲೆಯೆಂದೂ ಇನ್ನೊಂದನ್ನು ಹೊಟ್ಟೆಪಾಡೆಂದೂ ಬೇರ್ಪಡಿಸಲು ಆಧಾರವೇ ಇಲ್ಲ. ಎರಡೂ ಉಣ್ಣಲು ಮೀನು ಹಿಡಿದವರ ಕೈಯಲ್ಲಿ ಹುಟ್ಟಿದವು. ವಿನೋದಕ್ಕೆ ಹಿಡಿಯುವವರು ಆಮೇಲೆ ಬಂದರು.

ಹಾಗಾದರೆ ಒಂದೆಡೆ ಕೂದಲು, ಇನ್ನೊಂದೆಡೆ ಹಿಟ್ಟು ಏಕೆ? ಉತ್ತರ ನೀರಿನಲ್ಲಿದೆ. ಹುಸಿ ಎರೆ ಕಣ್ಣಿಗೆ ಕಾಣಬೇಕು, ಮೀನು ಅದರ ಆಕಾರಕ್ಕೂ ಚಲನೆಗೂ ಮರುಳಾಗಬೇಕು. ಮಳೆಗಾಲದ ಕೃಷ್ಣೆ ಮತ್ತು ತುಂಗಭದ್ರೆ ಮಣ್ಣು ಹೊತ್ತು ಕದಡಿ ಹರಿಯುತ್ತವೆ. ಅಂಥ ನೀರಿನಲ್ಲಿ ಬದುಕುವ ಗೆಂಡೆ ಜಾತಿಯ ಮೀನುಗಳೂ ಮೀಸೆಯುಳ್ಳ ಬಾಳೆಮೀನಿನಂಥವೂ ವಾಸನೆ ಹಿಡಿದು, ರುಚಿ ನೋಡಿ ಮೇವು ಹುಡುಕುತ್ತವೆ. ಅವುಗಳ ಮುಂದೆ ಎಷ್ಟೇ ಚೆಂದದ ಕೂದಲಿನ ಕಪ್ಪೆ ಆಡಿಸಿದರೂ ವ್ಯರ್ಥ. ಹದವಾಗಿ ಕಲಸಿದ, ನೀರಲ್ಲಿ ಬೇಗ ಕರಗದ, ವಾಸನೆ ಮಾತ್ರ ಮೆಲ್ಲಗೆ ಬಿಡುವ ಉಂಡೆ ಅಲ್ಲಿ ಬೇಕು. ಆ ಹದ ತಿಳಿಯಲು ಕೂದಲು ಕಟ್ಟುವುದಕ್ಕೆ ಬೇಕಾದಷ್ಟೇ ಕೈಚಳಕ, ಅಷ್ಟೇ ತಾಳ್ಮೆ ಬೇಕು. ಭಾರತದ ಮೀನುಗಳು ಹುಸಿ ನೊಣಕ್ಕೆ ಬೀಳುತ್ತವೆ, ಆಂಗ್ಲರು ಅದನ್ನು ತೋರಿಸಿಕೊಟ್ಟರು ಎಂಬ ಆಕ್ಷೇಪವೂ ಉಂಟು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ, 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ದಿ ರಾಡ್ ಇನ್ ಇಂಡಿಯಾ ಆ ಮಾತಿಗೆ ಆಧಾರ. ಆದರೆ ಅಂಥ ನೊಣಕ್ಕೆ ಒದಗುವುದು ಗುಡ್ಡಗಾಡಿನ ತಿಳಿನೀರು. ಬಯಲುಸೀಮೆಯ ಕೆಂಪು ನೀರಿಗೆ ಅದೇ ಮಾತು ಹೊಂದದು. ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಅಲುಗಿಸುವುದಿಲ್ಲ.

ಹಿಟ್ಟಿನ ಉಂಡೆ ಕೆಳದರ್ಜೆಯ ಎರೆ ಎಂಬ ಭಾವನೆಗೆ ಕಾವೇರಿ ಉತ್ತರ ಕೊಟ್ಟಿದೆ. ನಮ್ಮವರು ಬಿಳಿಮೀನು ಎಂದು ಕರೆಯುವ ಮಹಶೀರ್ ಜಗತ್ತಿನ ಅತಿ ಬಲಿಷ್ಠ ಹೊಳೆಮೀನುಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಬಿಳಿಮೀನು ಹಿಡಿದದ್ದು ಇಂದಿಗೂ ದಾಖಲೆಯ ಮಾತು. 1970ರ ದಶಕದ ಕೊನೆಯಿಂದ ಭೀಮೇಶ್ವರಿ, ಗಾಲಿಬೋರೆಯ ಕಡೆಗೆ ಹೊರದೇಶಗಳಿಂದ ಗಾಳಗಾರರು ಬರತೊಡಗಿದರು. ದುಬಾರಿ ಕೋಲು, ರಾಟೆಗಳನ್ನು ತಂದ ಅವರು ಗಾಳದ ತುದಿಗೆ ಚುಚ್ಚಿದ್ದು ಸ್ಥಳೀಯರು ಬೇಯಿಸಿ, ನಾದಿ, ಉಂಡೆ ಕಟ್ಟಿಕೊಟ್ಟ ರಾಗಿ ಹಿಟ್ಟು. ಕಲ್ಯಾಣದ ಗ್ರಂಥದ ಉಂಡೆಯಿಂದ ಕಾವೇರಿಯ ರಾಗಿ ಉಂಡೆಯವರೆಗೆ ಮುರಿಯದ ಗುರುಪರಂಪರೆ ಇದೆ ಎಂದು ನಾನು ಹೇಳುತ್ತಿಲ್ಲ. ಒಂದೇ ಬಗೆಯ ಮೀನು, ಒಂದೇ ಬಗೆಯ ನೀರು, ಎಂಟು ಶತಮಾನಗಳ ಅಂತರದಲ್ಲೂ ಮನುಷ್ಯನಿಗೆ ಒಂದೇ ಉತ್ತರ ಕಲಿಸಿವೆ ಎಂಬುದಷ್ಟೇ ಇಲ್ಲಿ ಮುಖ್ಯ.

ಈ ವಾದಕ್ಕೆ ಒಂದು ಮೀನು ಮಾತ್ರ ಅಡ್ಡ ಬರುತ್ತದೆ. ಅದು ಮರಲ್, ತೆಲುಗಿನ ಗಡಿಯವರ ಕೊರಮೀನು. ನೀರಿನ ಮೇಲೆ ಬಂದು ಗಾಳಿ ನುಂಗುವ, ಕೆಸರಿನಲ್ಲೂ ಬದುಕುವ, ಮರಿಗಳ ಗುಂಪನ್ನು ಕಾಯುವ ಈ ಮೀನು ಕಪ್ಪೆ ಕಂಡರೆ ಬಾಸ್ ಮೀನಿನ ಹಾಗೆಯೇ ಎರಗುತ್ತದೆ. ಕೂದಲಿನ ಕಪ್ಪೆ ಇಲ್ಲಿಯೂ ನಡೆಯಬೇಕಿತ್ತಲ್ಲ? ನಡೆಯುತ್ತಿತ್ತು. ಆದರೆ ಸಾಮಗ್ರಿ ಇರಲಿಲ್ಲ. ರಾಯಚೂರಿನ ಹೊಲಗಳಲ್ಲಿ ಕಾಣುವ ಕೃಷ್ಣಮೃಗದ ಮೈಗೂದಲು ಬಿಸಿಲುನಾಡಿಗೆ ತಕ್ಕಂತೆ ಗಿಡ್ಡ, ನುಣುಪು. ಅದು ಹಿಮದ ನಾಡಿನ ಜಿಂಕೆಯದರಂತೆ ದಪ್ಪವಾಗಿ ಬೆಳೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಅದನ್ನು ಬೇಟೆಯಾಡುವುದು ಅಪರಾಧ, ಹಾಗಾಗಲೇಬೇಕಿತ್ತು. ಜೀವಂತ ಕಪ್ಪೆ ಕೈಗೆ ಸಿಗುವಲ್ಲಿ ಹುಸಿ ಕಪ್ಪೆ ಕಟ್ಟುವ ಒತ್ತಾಯವೂ ಇರಲಿಲ್ಲ. ಆ ಒತ್ತಾಯ ಈಗ ಬಂದಿದೆ. ಕಪ್ಪೆ ಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿದ್ದಕ್ಕೆ ಒಂದು ಕಾರಣ ಹೊಲದ ಹುಳುಗಳನ್ನು ತಿನ್ನುವ ಕಪ್ಪೆ ಬೆಳೆಗೆ ಬೇಕಾದ ಜೀವ ಎಂಬ ಅರಿವು. ಇಂದಿನ ಹುಡುಗರು ಮರಲ್‌ಗೆ ರಬ್ಬರಿನ ಕಪ್ಪೆ ಎಸೆಯುತ್ತಾರೆ. ಅಮೆರಿಕದಲ್ಲಿ ಜಿಂಕೆ ಕೂದಲು ಮಾಡಿದ ಕೆಲಸವನ್ನು ಇಲ್ಲಿ ಅದು ಮಾಡುತ್ತಿದೆ, ಒಂದು ಕಪ್ಪೆಯ ಜೀವವನ್ನೂ ಉಳಿಸುತ್ತಿದೆ.

ಎರೆಯನ್ನು ನೀರು ತೀರ್ಮಾನಿಸುತ್ತದೆ ಎಂದಾದರೆ, ನೀರು ಬದಲಾದಾಗ ವಿದ್ಯೆಯೂ ಬದಲಾಗಬೇಕು. ಈ ಸೀಮೆಯಲ್ಲಿ ನೀರು ಬದಲಾಗಿದೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿ, ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ, ಸಿರವಾರದ ಎರೆಹೊಲಗಳನ್ನು ಭತ್ತದ ಗದ್ದೆಗಳಾಗಿಸಿತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಮಳೆಗಾಲದಲ್ಲಷ್ಟೇ ತುಂಬುತ್ತಿದ್ದ ಹಳ್ಳಗಳಿಗೆ ಗದ್ದೆಯ ಬಸಿನೀರು ಸೇರಿತು. ಕೆರೆಗಳಿಗೆ ಕಾಟ್ಲಾ, ರೋಹು ಮರಿಗಳು ಬಿದ್ದವು. ಹಳೆಯ ಮೀನುಗಳಿಗೆ ಹೊಂದಿದ್ದ ಹದ ಹೊಸ ಮೀನಿಗೆ ಅದೇ ರೀತಿ ಒದಗುವುದಿಲ್ಲ. ಅದನ್ನು ಬಲ್ಲವರು ತೀರಿಕೊಂಡರೆ ಆ ವಿದ್ಯೆಯೂ ಮುಗಿಯುತ್ತದೆ. ಕೋಟೆ, ಕದನ, ಶಾಸನಗಳ ಇತಿಹಾಸ ಈ ದೋಆಬಿಗೆ ಸಾಕಷ್ಟು ಇದೆ, ಅದು ಬೇಕಾದದ್ದೇ. ಅದರ ಜೊತೆಗೆ ಬೆಸ್ತರ, ಅಂಬಿಗರ ಮನೆಗಳಲ್ಲಿ ಉಳಿದಿರುವ ಎರೆಯ ಪಾಕ, ಮೀನಿನ ಹೆಸರು, ಹಂಗಾಮಿನ ಲೆಕ್ಕ ಕೂಡ ಬರಹಕ್ಕೆ ಬರಬೇಕು. ಸೋಮೇಶ್ವರ ಒಂದು ಒಳ್ಳೆಯ ಕೆಲಸ ಮಾಡಿ ಒಂದನ್ನು ಬಿಟ್ಟ. ವಿದ್ಯೆಯನ್ನು ಬರೆದ, ಕಲಿಸಿದವರ ಹೆಸರು ಬರೆಯಲಿಲ್ಲ. ಸಿರವಾರದ, ಮಾನ್ವಿಯ, ದೇವದುರ್ಗದ ಸ್ಥಳೀಯ ಇತಿಹಾಸ ಬರೆಯುವವರು ಎರಡನ್ನೂ ಬರೆಯಬಲ್ಲರು, ಬರೆಯಬೇಕು.