ಕಾಲ್ಚೆಂಡಾಟದಲ್ಲಿ ತೀರ್ಪಿನ ಪ್ರಮಾದ ಮತ್ತು ಆಟಗಾರನ ವಂಚನೆ: ಒಂದು ಚಾರಿತ್ರಿಕ ವಿವೇಚನೆ

೧

ಕ್ರೀಡೆಗಳ ಚರಿತ್ರೆಯನ್ನು ವಿದ್ವಾಂಸರು ಬಹುಕಾಲ ಗಂಭೀರವಾದ ವಿಷಯವೆಂದು ಪರಿಗಣಿಸಲಿಲ್ಲ. ಆದರೆ ನಿಯಮ, ನ್ಯಾಯಾಧಿಕಾರಿ, ಅಪರಾಧ, ಶಿಕ್ಷೆ, ಮೇಲ್ಮನವಿ ಎಂಬ ನ್ಯಾಯವ್ಯವಸ್ಥೆಯ ಅಂಗಗಳೆಲ್ಲವೂ ಕಾಲ್ಚೆಂಡಾಟದ ಬಯಲಿನಲ್ಲಿ ಒಂದೊಂದಾಗಿ ಹುಟ್ಟಿ ಬೆಳೆದ ಬಗೆಯನ್ನು ಕಂಡವರಿಗೆ, ಇದೂ ಸಂಸ್ಥೆಗಳ ಚರಿತ್ರೆಯ ಒಂದು ಅಧ್ಯಾಯವೆಂದು ತೋರದಿರದು. ಇಂದು ಈ ಆಟದ ವಿಷಯದಲ್ಲಿ ಎರಡು ದೂರುಗಳು ಎಲ್ಲೆಡೆಯೂ ಕೇಳಿಬರುತ್ತಿವೆ. ತೀರ್ಪುಗಾರನು ತಪ್ಪಿದರೆ ಅದನ್ನು ಸರಿಪಡಿಸುವುದು ಹೇಗೆ ಎಂಬುದು ಒಂದು. ಎದುರಾಳಿಯ ಕಾಲು ತಗಲದಿದ್ದರೂ ತಗಲಿತೆಂಬಂತೆ ನೆಲಕ್ಕುರುಳಿ, ಇಲ್ಲದ ನೋವನ್ನು ನಟಿಸಿ, ಪೆನಾಲ್ಟಿಯನ್ನು ಗಿಟ್ಟಿಸಿಕೊಳ್ಳುವ ಆಟಗಾರನನ್ನು ದಂಡಿಸುವುದು ಹೇಗೆ ಎಂಬುದು ಇನ್ನೊಂದು. ಈ ಸೋಗಿಗೆ ಆಟದವರ ಮಾತಿನಲ್ಲಿ 'ಡೈವ್' ಎಂದು ಹೆಸರು. ಇವೆರಡನ್ನೂ ಒಂದೇ ಪ್ರಶ್ನೆಯೆಂಬಂತೆ ಚರ್ಚಿಸುವುದು ವಾಡಿಕೆಯಾಗಿದೆ. ಆದರೆ ಮೊದಲನೆಯದು ಪ್ರಮಾದ, ಎರಡನೆಯದು ವಂಚನೆ. ಒಂದಕ್ಕೆ ಹೊಂದುವ ಪರಿಹಾರವು ಇನ್ನೊಂದಕ್ಕೆ ಹೊಂದದು. ಈ ಭೇದವನ್ನು ಗಮನಿಸದೆ ಹೋದುದರಿಂದಲೇ ತೀರ್ಪಿನ ಅಂತಿಮತೆಯೆಂಬ ಯೋಗ್ಯವಾದ ತತ್ತ್ವವು ವಂಚಕನಿಗೆ ಆಶ್ರಯವಾಯಿತೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

೧೮೬೩ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಅಂಗೀಕರಿಸಿದ ನಿಯಮಾವಳಿಯಲ್ಲಿ ತೀರ್ಪುಗಾರನ ಪ್ರಸ್ತಾಪವೇ ಇರಲಿಲ್ಲ. ಇದು ಮರೆವಿನಿಂದಾದ ಲೋಪವಲ್ಲ. ಪಬ್ಲಿಕ್ ಸ್ಕೂಲುಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಕಲಿತ ಅಂದಿನ ಆಟಗಾರರು, ಸಭ್ಯನಾದವನು ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವನೆಂದು ನಂಬಿದ್ದರು. ಕ್ರಮೇಣ ಪ್ರತಿಪಕ್ಷಕ್ಕೆ ಒಬ್ಬೊಬ್ಬ ಅಂಪೈರನು ಬಂದನು. ಇವರಿಬ್ಬರಿಗೂ ಒಮ್ಮತವಾಗದಿದ್ದಾಗ ವಿವಾದವನ್ನು ಮೂರನೆಯವನೊಬ್ಬನಿಗೆ ಒಪ್ಪಿಸುವ ಪದ್ಧತಿಯಾಯಿತು. ಹೀಗೆ ವಿವಾದವು ಯಾರಿಗೆ ಒಪ್ಪಿಸಲ್ಪಡುತ್ತಿತ್ತೋ ಅವನೇ 'ರೆಫರಿ'. ಆ ಹೆಸರಿನ ಮೂಲಾರ್ಥವೂ ಅದೇ. ಆಟಗಾರರು ಮೊರೆಯಿಟ್ಟ ಹೊರತು ತೀರ್ಪಿಲ್ಲವೆಂಬುದು ಆ ಕಾಲದ ಕ್ರಮವಾಗಿತ್ತು.

೧೮೮೫ರಲ್ಲಿ ವೃತ್ತಿನಿರತ ಆಟಗಾರರಿಗೆ ಮಾನ್ಯತೆ ದೊರೆಯಿತು. ೧೮೮೮ರಲ್ಲಿ ಲೀಗ್ ಪಂದ್ಯಗಳು ಆರಂಭವಾದವು. ಗೆಲವು ಜೀವನೋಪಾಯವಾದಾಗ ಮಾನಮರ್ಯಾದೆಯೊಂದೇ ಆಟವನ್ನು ನಿಯಂತ್ರಿಸಲಾರದೆ ಹೋಯಿತು. ಐರ್ಲೆಂಡಿನ ಮಿಲ್‌ಫರ್ಡ್ ಗ್ರಾಮದ ಗೋಲ್‌ಕೀಪರನಾಗಿದ್ದ ವಿಲಿಯಂ ಮೆಕ್ರಂ ಎಂಬಾತನ ಸಲಹೆಯಂತೆ ೧೮೯೧ರಲ್ಲಿ ಪೆನಾಲ್ಟಿ ಕಿಕ್ ಜಾರಿಗೆ ಬಂದಿತು. ಗೋಲಿನ ಗೆರೆಯಿಂದ ಹನ್ನೆರಡು ಗಜಗಳೊಳಗೆ ಎದುರಾಳಿಯನ್ನು ಬೇಕೆಂದು ಎಡವಿಸಿದರೆ, ಹಿಡಿದರೆ, ಅಥವಾ ಚೆಂಡನ್ನು ಕೈಯಿಂದ ತಡೆದರೆ ಈ ದಂಡ. ಸಭ್ಯರು ಬೇಕೆಂದು ಮೋಸಮಾಡುವರೆಂಬ ಊಹೆಯೇ ಅವಮಾನಕರವೆಂದು ಹವ್ಯಾಸಿ ಆಟಗಾರರಲ್ಲಿ ಹಲವರು ಭಾವಿಸಿದರು. ಅದೇ ವರ್ಷ ರೆಫರಿಯು ಮೈದಾನದೊಳಕ್ಕೆ ಬಂದನು. ಅಂಪೈರರು ಗೆರೆಯ ಬಳಿಗೆ ಸರಿದು ಲೈನ್ಸ್‌ಮನ್ನರಾದರು. ೧೮೯೪ರಲ್ಲಿ ಮೊರೆಯ ಅಗತ್ಯವೂ ತಪ್ಪಿ, ಆಟದ ಸಂಪೂರ್ಣಾಧಿಕಾರವು ರೆಫರಿಯ ಕೈಸೇರಿತು.

ಈ ಮೂರು ದಶಕಗಳ ಪರಿವರ್ತನೆಯಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಆಟಗಾರರ ಆತ್ಮಸಾಕ್ಷಿಯಲ್ಲಿದ್ದ ನ್ಯಾಯವು ಒಬ್ಬನ ಕಣ್ಣಿಗೆ ವರ್ಗವಾಯಿತು. ಆದುದರಿಂದ ಆ ಕಣ್ಣನ್ನು ಮೋಸಗೊಳಿಸುವುದು ಲಾಭಕರವಾಯಿತು. ಎರಡನೆಯದಾಗಿ, ಒಂದು ಬೀಳಿಗೆ ಒಂದು ಗೋಲಿನಷ್ಟು ಬೆಲೆ ಬಂದಿತು. ವಂಚನೆಯನ್ನು ತಡೆಯಲೆಂದು ಹುಟ್ಟಿದ ಪೆನಾಲ್ಟಿಯೇ ಹೊಸದೊಂದು ವಂಚನೆಗೆ ಪ್ರೇರಕವಾದುದು ಚರಿತ್ರೆಯ ವೈಚಿತ್ರ್ಯ.

೩

ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ರೆಫರಿಯ ನಿರ್ಣಯವೇ ಅಂತಿಮವೆಂಬುದು ಕಾಲ್ಚೆಂಡಾಟದ ಮೂಲತತ್ತ್ವಗಳಲ್ಲೊಂದು. ೧೯೬೬ರ ಜುಲೈ ೩೦ರಂದು ವೆಂಬ್ಲಿಯಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ತಗಲಿ ಕೆಳಗೆ ಬಿದ್ದಿತು. ಅದು ಗೆರೆಯನ್ನು ದಾಟಿತೇ ಇಲ್ಲವೇ ಎಂಬುದನ್ನು ಸ್ವಿಟ್ಸರ್ಲೆಂಡಿನ ರೆಫರಿ ಡೀನ್ಸ್ಟ್ ಎಂಬಾತನು ಅಜರ್‌ಬೈಜಾನಿನ ಲೈನ್ಸ್‌ಮನ್ ಬಹ್ರಾಮೋವನನ್ನು ಕೇಳಿ ಗೋಲೆಂದು ಸಾರಿದನು. ಈ ವಿವಾದವು ಇಂದಿಗೂ ಮುಗಿದಿಲ್ಲ. ಆದರೆ ಫಲಿತಾಂಶವು ಅಂದೇ ಮುಗಿಯಿತು.

ಸಂಗತಿಯ ತಪ್ಪು ಬೇರೆ, ನಿಯಮದ ತಪ್ಪು ಬೇರೆ. ಎರಡನೆಯದಕ್ಕೆ ಪರಿಹಾರವುಂಟೆಂಬುದನ್ನು ತಾಷ್ಕೆಂಟಿನ ಪ್ರಸಂಗವು ತೋರಿಸುತ್ತದೆ. ೨೦೦೫ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೇಕಿಸ್ತಾನವು ಬಹ್ರೈನಿನ ವಿರುದ್ಧ ಪೆನಾಲ್ಟಿಯನ್ನು ಗೋಲಾಗಿಸಿತು. ಆದರೆ ಒದೆಯುವ ಮುನ್ನವೇ ಅದರ ಆಟಗಾರನೊಬ್ಬನು ಪೆನಾಲ್ಟಿ ಪ್ರದೇಶದೊಳಕ್ಕೆ ನುಗ್ಗಿದ್ದನು. ನಿಯಮದ ಪ್ರಕಾರ ಪೆನಾಲ್ಟಿಯನ್ನು ಮತ್ತೊಮ್ಮೆ ಒದೆಯಿಸಬೇಕಾಗಿತ್ತು. ಜಪಾನಿನ ರೆಫರಿಯು ಹಾಗೆ ಮಾಡದೆ ಬಹ್ರೈನಿಗೆ ಫ್ರೀ ಕಿಕ್ ಕೊಟ್ಟನು. ಅವನ ಕಣ್ಣು ತಪ್ಪಿರಲಿಲ್ಲ, ನಿಯಮಜ್ಞಾನವು ತಪ್ಪಿತ್ತು. ಒಂದು ಗೋಲಿನಿಂದ ಗೆದ್ದಿದ್ದರೂ ಉಜ್ಬೇಕಿಸ್ತಾನವು ದೂರು ಕೊಟ್ಟಿತು. ಫೀಫಾ ಸಂಸ್ಥೆಯು ಪಂದ್ಯವನ್ನೇ ರದ್ದುಪಡಿಸಿ ಮತ್ತೆ ಆಡಿಸಿತು. ಮರುಪಂದ್ಯವೂ ಬಹ್ರೈನಿನಲ್ಲಿ ನಡೆದ ಎರಡನೆಯ ಪಂದ್ಯವೂ ಸಮವಾಗಿ, ಪರಸ್ಥಳದಲ್ಲಿ ಗಳಿಸಿದ ಗೋಲಿನ ಆಧಾರದ ಮೇಲೆ ಬಹ್ರೈನ್ ಮುಂದೆ ಹೋಯಿತು. ನಮ್ಮ ದೇಶದ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೧೦೦ನೆಯ ಕಲಮಿನಲ್ಲಿಯೂ, ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸುವ ಎರಡನೆಯ ಅಪೀಲು ಸಂಗತಿಯ ಪ್ರಶ್ನೆಗಾಗಿ ಅಲ್ಲ, ಕಾನೂನಿನ ಮಹತ್ತ್ವದ ಪ್ರಶ್ನೆಗಾಗಿ ಮಾತ್ರ ಎಂಬ ಇಂಥದೇ ಭೇದವಿರುವುದನ್ನು ವಿದ್ಯಾರ್ಥಿಗಳು ಗಮನಿಸಬಹುದು.

ಸಂಗತಿಯ ತಪ್ಪಿಗೂ ಮರುಪಂದ್ಯವನ್ನು ಕೊಡಬಾರದೇಕೆ? ಜರ್ಮನಿಯು ಇದನ್ನು ಪರೀಕ್ಷಿಸಿ ನೋಡಿತು. ೧೯೯೪ರ ಏಪ್ರಿಲಿನಲ್ಲಿ ಬಯರ್ನ್ ಮ್ಯೂನಿಕ್ ತಂಡದ ಹೆಲ್ಮರ್ ಗೋಲುಗಂಬದ ಹೊರಕ್ಕೆ ಕಳಿಸಿದ ಚೆಂಡನ್ನು ಗೋಲೆಂದು ಎಣಿಸಲಾಯಿತು. ಜರ್ಮನ್ ಸಂಘವು ಪಂದ್ಯವನ್ನು ಮತ್ತೆ ಆಡಿಸಲು, ಬಯರ್ನ್ ಐದು ಗೋಲುಗಳಿಂದ ಗೆದ್ದಿತು. ೨೦೧೩ರ ಅಕ್ಟೋಬರಿನಲ್ಲಿ ಲೆವರ್ಕೂಸನ್ನಿನ ಕೀಸ್ಲಿಂಗ್ ತಲೆಯಿಂದ ಹೊಡೆದ ಚೆಂಡು ಬಲೆಯ ಪಕ್ಕದ ತೂತಿನಿಂದ ಒಳಹೊಕ್ಕು ಗೋಲಾಯಿತು. ಈ ಸಾರಿ ಅದೇ ಸಂಘದ ನ್ಯಾಯಪೀಠವು ಮರುಪಂದ್ಯವನ್ನು ನಿರಾಕರಿಸಿತು. ಒಂದು ತಪ್ಪನ್ನು ತೆರೆದರೆ ಎಲ್ಲ ತಪ್ಪುಗಳನ್ನೂ ತೆರೆಯಬೇಕಾಗುತ್ತದೆ. ಆಗ ಯಾವ ಪಂದ್ಯವೂ ಮೈದಾನದಲ್ಲಿ ಮುಗಿಯದೆ ಕಚೇರಿಯಲ್ಲಿ ಮುಗಿಯಬೇಕಾಗುತ್ತದೆ. ಅಂತಿಮತೆಯ ಪರವಾಗಿರುವ ವಾದದ ಬಲ ಇದೇ.

ಈ ವಾದದ ಬೆಲೆಯನ್ನು ಬೆಂಗಳೂರು ೨೦೨೩ರ ಮಾರ್ಚ್ ೩ರಂದು ಕಂಡಿತು. ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಿರ್ಣಾಯಕ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ತಂಡದ ಸುನಿಲ್ ಛೇತ್ರಿಯವರು, ಕೇರಳ ಬ್ಲಾಸ್ಟರ್ಸ್ ತಂಡವು ಅಡ್ಡಗೋಡೆಯಾಗಿ ನಿಲ್ಲುವ ಮೊದಲೇ ಫ್ರೀ ಕಿಕ್ಕನ್ನು ಒದ್ದು ಗೋಲು ಗಳಿಸಿದರು. ರೆಫರಿಯು ಅದನ್ನು ಮಾನ್ಯಮಾಡಿದನು. ಕೇರಳದವರು ಪ್ರತಿಭಟಿಸಿ ಮೈದಾನವನ್ನು ಬಿಟ್ಟುಹೋದರು. ಮರುಪಂದ್ಯದ ಬೇಡಿಕೆಯು ತಿರಸ್ಕೃತವಾಯಿತು. ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡವೂ, ತರಬೇತುದಾರನಿಗೆ ಹತ್ತು ಪಂದ್ಯಗಳ ನಿಷೇಧವೂ ವಿಧಿಸಲ್ಪಟ್ಟವು. ರೆಫರಿಯ ನಿರ್ಣಯವು ಸರಿಯೇ ತಪ್ಪೇ ಎಂಬುದರಲ್ಲಿ ಅಭಿಪ್ರಾಯಭೇದವಿರಬಹುದು. ಆದರೆ ತೀರ್ಪನ್ನು ಒಪ್ಪದವರಿಗೆಲ್ಲ ಆಟವನ್ನು ನಿಲ್ಲಿಸುವ ಹಕ್ಕಿದ್ದರೆ ಆಟವೇ ಉಳಿಯದು.

೪

ಇಂತಿರಲು, ತಪ್ಪನ್ನು ಪಂದ್ಯದ ನಂತರ ತಿದ್ದುವುದಕ್ಕಿಂತ ಆ ಕ್ಷಣದಲ್ಲಿಯೇ ತಿದ್ದುವ ಮಾರ್ಗವನ್ನು ನಿಯಮಮಂಡಳಿಯು ಹಿಡಿಯಿತು. ೨೦೧೦ರಲ್ಲಿ ಬ್ಲೂಮ್‌ಫಾಂಟೀನಿನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆಯನ್ನು ಸ್ಪಷ್ಟವಾಗಿ ದಾಟಿದ್ದರೂ ಗೋಲು ದೊರೆಯಲಿಲ್ಲ. ೨೦೧೨ರಲ್ಲಿ ಗೋಲ್‌ಗೆರೆಯ ಯಂತ್ರಕ್ಕೆ ಅನುಮತಿ ದೊರೆಯಿತು. ೨೦೧೮ರಲ್ಲಿ ವಿಡಿಯೋ ಸಹಾಯಕ ರೆಫರಿಯ ಪದ್ಧತಿಯು ನಿಯಮಾವಳಿಯನ್ನು ಸೇರಿತು. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ತಪ್ಪು ಆಟಗಾರನಿಗೆ ಶಿಕ್ಷೆ ಎಂಬ ನಾಲ್ಕು ವಿಷಯಗಳಲ್ಲಿ, ಅದೂ ಸ್ಪಷ್ಟವಾಗಿ ಎದ್ದುಕಾಣುವ ತಪ್ಪಿದ್ದರೆ ಮಾತ್ರ, ಹಸ್ತಕ್ಷೇಪವೆಂದು ಆಗ ಗೊತ್ತುಮಾಡಲಾಯಿತು.

ಯಂತ್ರವು ಬಂದರೂ ಮನುಷ್ಯನು ಹೋಗಲಿಲ್ಲ. ೨೦೨೩ರ ಸೆಪ್ಟೆಂಬರ್ ೩೦ರಂದು ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಗಳಿಸಿದ ಗೋಲನ್ನು ಮೈದಾನದ ಅಧಿಕಾರಿಗಳು ಆಫ್‌ಸೈಡ್ ಎಂದರು. ಪರದೆಯ ಮುಂದಿದ್ದವನು ಚಿತ್ರವನ್ನು ಸರಿಯಾಗಿಯೇ ನೋಡಿದನು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದು ತಪ್ಪಾಗಿ ತಿಳಿದು, ಪರಿಶೀಲನೆ ಮುಗಿಯಿತೆಂದು ಹೇಳಿಬಿಟ್ಟನು. ತಪ್ಪು ತಿಳಿಯುವಷ್ಟರಲ್ಲಿ ಆಟವು ಮತ್ತೆ ಆರಂಭವಾಗಿತ್ತು. ಆರಂಭವಾದ ಮೇಲೆ ಹಿಂದಿರುಗಲು ನಿಯಮವು ಅವಕಾಶ ಕೊಡುವುದಿಲ್ಲ. ಅಧಿಕಾರಿಗಳ ಸಂಸ್ಥೆಯು ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು, ಫಲಿತಾಂಶವು ಉಳಿಯಿತು. ಕಠಿಣವೆನಿಸಿದರೂ ಇದು ಯೋಗ್ಯವಾದ ಕ್ರಮವೆಂದೇ ಹೇಳಬೇಕು. ಇಲ್ಲಿ ನಷ್ಟವಾಯಿತು, ಆದರೆ ಯಾರೂ ಯಾರನ್ನೂ ಮೋಸಗೊಳಿಸಿರಲಿಲ್ಲ.

೫

ವಂಚನೆಯ ಚರಿತ್ರೆಯು ಬೇರೆಯದು. ೧೯೮೯ರ ಸೆಪ್ಟೆಂಬರ್ ೩ರಂದು ಬ್ರೆಜಿಲಿನ ಮರಕಾನಾ ಕ್ರೀಡಾಂಗಣದಲ್ಲಿ ಪ್ರೇಕ್ಷಕರ ಕಡೆಯಿಂದ ಎಸೆದ ಉರಿಬಾಣವೊಂದು ಚಿಲಿಯ ಗೋಲ್‌ಕೀಪರ್ ರೊಹಾಸನ ಸಮೀಪ ಬಿದ್ದಿತು. ಅವನು ರಕ್ತಸಿಕ್ತನಾಗಿ ಉರುಳಿದನು. ಸೋಲುತ್ತಿದ್ದ ಚಿಲಿ ತಂಡವು ಆಟವನ್ನು ತೊರೆಯಿತು. ಉರಿಬಾಣವು ಅವನಿಗೆ ತಗಲಿರಲಿಲ್ಲವೆಂದು ಛಾಯಾಚಿತ್ರಗಳು ತೋರಿಸಿದವು. ಕೈಗವಸಿನಲ್ಲಿ ಬಚ್ಚಿಟ್ಟಿದ್ದ ಬ್ಲೇಡಿನಿಂದ ಅವನೇ ಗಾಯಮಾಡಿಕೊಂಡಿದ್ದನು. ಫೀಫಾ ಪಂದ್ಯವನ್ನು ಬ್ರೆಜಿಲಿಗೆ ಕೊಟ್ಟಿತು, ಚಿಲಿಯನ್ನು ೧೯೯೪ರ ವಿಶ್ವಕಪ್ಪಿನಿಂದ ಹೊರಗಿಟ್ಟಿತು, ರೊಹಾಸನಿಗೆ ಆಜೀವ ನಿಷೇಧವನ್ನು ವಿಧಿಸಿತು. ೨೦೦೧ರಲ್ಲಿ ಅದು ತೆರವಾಯಿತು. ಪಂದ್ಯದ ನಂತರ ದೊರೆತ ಸಾಕ್ಷ್ಯದಿಂದ ವಂಚನೆಯನ್ನು ದಂಡಿಸಬಹುದೆಂಬುದು ಇಲ್ಲಿಯೇ ಸಿದ್ಧವಾಯಿತು.

ಆದರೆ ಸಾಮಾನ್ಯ ವಂಚನೆಗೆ ಈ ತತ್ತ್ವವು ಅನ್ವಯಿಸಲಿಲ್ಲ. ೧೯೮೬ರಲ್ಲಿ ಮೆಕ್ಸಿಕೋ ನಗರದಲ್ಲಿ ಇಂಗ್ಲೆಂಡಿನ ವಿರುದ್ಧ ಕೈಯಿಂದ ಗೋಲು ಗಳಿಸಿದ ಮರಡೋನಾನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ೨೦೦೯ರಲ್ಲಿ ಫ್ರಾನ್ಸಿನ ಆನ್ರಿ ಚೆಂಡನ್ನು ಕೈಯಿಂದ ತಡೆದು ಸಾಗಿಸಿ, ಐರ್ಲೆಂಡಿನ ವಿಶ್ವಕಪ್ಪಿನ ಆಸೆಯನ್ನು ಮುಗಿಸಿದ ಗೋಲಿಗೆ ಕಾರಣನಾದನು. ಅವನನ್ನು ದಂಡಿಸಲು ನಿಯಮಾಧಾರವಿಲ್ಲವೆಂದು ಫೀಫಾ ಹೇಳಿತು. ಐರಿಷ್ ಸಂಘಕ್ಕೆ ಫೀಫಾದಿಂದ ಐವತ್ತು ಲಕ್ಷ ಯೂರೋ ಸಂದಿತ್ತೆಂಬುದು ೨೦೧೫ರಲ್ಲಿ ಬೆಳಕಿಗೆ ಬಂದಿತು. ಬಹಿರಂಗವಾದ ನ್ಯಾಯಕ್ಕೆ ಮಾರ್ಗವಿಲ್ಲದಿದ್ದಲ್ಲಿ ಗೋಪ್ಯವಾದ ಹಣವು ಮಾರ್ಗವನ್ನು ಕಂಡುಕೊಳ್ಳುತ್ತದೆ.

೧೯೯೯ರಲ್ಲಿ ರೆಫರಿಯನ್ನು ಮೋಸಗೊಳಿಸುವ ನಟನೆಗೆ ಹಳದಿ ಕಾರ್ಡಿನ ಶಿಕ್ಷೆಯನ್ನು ಗೊತ್ತುಮಾಡಲಾಯಿತು. ಈ ನಿಯಮದಲ್ಲೊಂದು ಮೂಲಭೂತ ದೋಷವಿದೆ. ರೆಫರಿಯು ನಟನೆಯನ್ನು ಗುರುತಿಸಿದರೆ ಮೋಸವು ಆಗಲೇ ವಿಫಲವಾಗಿರುತ್ತದೆ. ಗುರುತಿಸದಿದ್ದರೆ ಶಿಕ್ಷೆಯೇ ಇಲ್ಲ. ಎಂದರೆ ಅದು ಸಿಕ್ಕಿಬಿದ್ದ ಅಕುಶಲಿಯನ್ನು ದಂಡಿಸಿ, ಗೆದ್ದ ನಿಪುಣನನ್ನು ಬಿಟ್ಟುಬಿಡುತ್ತದೆ. ೨೦೦೨ರ ವಿಶ್ವಕಪ್ಪಿನಲ್ಲಿ ಟರ್ಕಿಯ ಉನ್ಸಾಲ್ ಒದ್ದ ಚೆಂಡು ಬ್ರೆಜಿಲಿನ ರಿವಾಲ್ಡೋನ ತೊಡೆಯ ಬಳಿ ತಗಲಿತು. ಅವನು ಮುಖವನ್ನು ಹಿಡಿದುಕೊಂಡು ಬಿದ್ದನು. ಮೈದಾನದಿಂದ ಹೊರಗೆ ಹೋದವನು ಉನ್ಸಾಲ್. ರಿವಾಲ್ಡೋ ತೆತ್ತದ್ದು ಹಣದ ದಂಡ ಮಾತ್ರ.

ಅವಸರದ ಶಿಕ್ಷೆಯೂ ಅಪಾಯಕಾರಿಯೇ. ೨೦೦೯ರಲ್ಲಿ ಸೆಲ್ಟಿಕ್ ತಂಡದ ವಿರುದ್ಧ ಪೆನಾಲ್ಟಿ ಗಳಿಸಿದ ಆರ್ಸೆನಲ್ಲಿನ ಎಡುವಾರ್ಡೊನನ್ನು ಯೂರೋಪಿನ ಸಂಘವು ಎರಡು ಪಂದ್ಯಗಳಿಂದ ನಿಷೇಧಿಸಿತು. ಅಪೀಲಿನಲ್ಲಿ, ವಂಚನೆಯು ಸಮರ್ಪಕವಾಗಿ ಸಿದ್ಧವಾಗಿಲ್ಲವೆಂದು ಆ ನಿಷೇಧವು ರದ್ದಾಯಿತು. ವೇಗವಾಗಿ ಓಡುವವನು ಪೆಟ್ಟನ್ನು ತಪ್ಪಿಸಿಕೊಳ್ಳಲು ಹಾರಿ ಬೀಳುವುದೂ ಉಂಟು. ಈ ತೊಡಕನ್ನು ಇಂಗ್ಲೆಂಡಿನ ಸಂಘವು ೨೦೧೭ರಲ್ಲಿ ವಿವೇಕದಿಂದ ಬಿಡಿಸಿತು. ಹಿಂದಿನ ಆಟಗಾರ, ಹಿಂದಿನ ತರಬೇತುದಾರ, ಹಿಂದಿನ ರೆಫರಿ ಈ ಮೂವರೂ ಏಕಮತದಿಂದ ವಂಚನೆಯೆಂದರೆ ಮಾತ್ರ ಆರೋಪ. ವಂಚನೆಯಿಂದ ಪೆನಾಲ್ಟಿಯೋ ಎದುರಾಳಿಯ ಉಚ್ಚಾಟನೆಯೋ ಆಗಿರಬೇಕು. ಶಿಕ್ಷೆ ಎರಡು ಪಂದ್ಯಗಳ ನಿಷೇಧ. ಆ ವರ್ಷದ ನವೆಂಬರಿನಲ್ಲಿ ಎವರ್ಟನ್ನಿನ ನಿಯಾಸ್ ಈ ಶಿಕ್ಷೆಯನ್ನು ಅನುಭವಿಸಿದ ಮೊದಲ ಪ್ರೀಮಿಯರ್ ಲೀಗ್ ಆಟಗಾರನಾದನು. ಪಂದ್ಯದ ಫಲಿತಾಂಶಕ್ಕೆ ಕೈಹಚ್ಚಲಿಲ್ಲವೆಂಬುದು ಈ ವ್ಯವಸ್ಥೆಯ ಮುಖ್ಯ ಗುಣ.

೬

ಮೇಲಿನ ಅವಲೋಕನದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಸಂಗತಿಯ ತಪ್ಪನ್ನು ಆಟವು ಮತ್ತೆ ಆರಂಭವಾಗುವುದರೊಳಗೆ ತಿದ್ದಬೇಕು. ಆಮೇಲೆ ಅದನ್ನು ಬಹಿರಂಗವಾಗಿ ಒಪ್ಪಿಕೊಂಡು ಫಲಿತಾಂಶವನ್ನು ಉಳಿಸಬೇಕು. ನಿಯಮದ ತಪ್ಪಿಗೆ ಮಾತ್ರ ಮರುಪಂದ್ಯ. ವಂಚನೆಗಾದರೋ ಅಂತಿಮ ಸೀಟಿಯು ರಕ್ಷಣೆಯಾಗಕೂಡದು: ಮೂವರ ಏಕಮತವೆಂಬ ಕಠಿಣ ಪ್ರಮಾಣದಿಂದ ಸಿದ್ಧವಾದ ಮೇಲೆ, ಗಳಿಸಿದ ಲಾಭಕ್ಕಿಂತ ಶಿಕ್ಷೆಯು ಹೆಚ್ಚಾಗಿರಬೇಕು, ವಂಚನೆಗೆ ಬಲಿಯಾದವನ ಮೇಲಿನ ಕಾರ್ಡನ್ನು ಅಳಿಸಿಹಾಕಬೇಕು. ಹಿಂಸಾಚಾರಕ್ಕಾಗಿ ಕೆಂಪು ಕಾರ್ಡು ಕೊಡಬೇಕಾದ ಸಂದರ್ಭದಲ್ಲಿ, ಆಟವು ಮತ್ತೆ ಆರಂಭವಾಗಿದ್ದರೂ ವಿಡಿಯೋ ಪರಿಶೀಲನೆಗೆ ನಿಯಮವೇ ಅವಕಾಶ ಕೊಟ್ಟಿದೆ. ಆದುದರಿಂದ ಇದು ತತ್ತ್ವಕ್ಕೆ ಹೊರತಾದ ಬೇಡಿಕೆಯಲ್ಲ.

೧೮೬೩ರವರ ನಂಬಿಕೆಯು ಸಂಪೂರ್ಣವಾಗಿ ನಶಿಸಿಲ್ಲವೆಂಬುದನ್ನೂ ಇಲ್ಲಿ ಸ್ಮರಿಸಬೇಕು. ೧೯೯೯ರ ಫೆಬ್ರವರಿಯಲ್ಲಿ ಶೆಫೀಲ್ಡ್ ಯುನೈಟೆಡ್ ತಂಡವು ಗಾಯಗೊಂಡವನ ಶುಶ್ರೂಷೆಗಾಗಿ ಚೆಂಡನ್ನು ಹೊರಗೆ ಹಾಕಿತು. ಅದನ್ನು ಹಿಂದಿರುಗಿಸುವ ಸಂಪ್ರದಾಯವನ್ನು ಮೀರಿ ಆರ್ಸೆನಲ್ ಗೋಲು ಗಳಿಸಿ ಗೆದ್ದಿತು. ನಿಯಮದ ಪ್ರಕಾರ ಗೋಲು ಸಿಂಧುವಾಗಿತ್ತು. ಆದರೂ ಆರ್ಸೆನಲ್ಲಿನ ವ್ಯವಸ್ಥಾಪಕ ವೆಂಗರ್ ತಾನಾಗಿ ಮರುಪಂದ್ಯವನ್ನು ಮುಂದಿಟ್ಟನು. ಹತ್ತು ದಿನಗಳ ಮೇಲೆ ಆಡಿ ಅದೇ ಅಂತರದಿಂದ ಮತ್ತೆ ಗೆದ್ದರು. ಇಂಥ ಔದಾರ್ಯವನ್ನು ಯಾವ ನಿಯಮವೂ ವಿಧಿಸಲಾರದು. ಆದರೆ ಪ್ರಾಮಾಣಿಕನಾದವನು ಮೂರ್ಖನೆನಿಸಿಕೊಳ್ಳದಂತೆ ನೋಡಿಕೊಳ್ಳುವುದು ನಿಯಮಕ್ಕೆ ಸಾಧ್ಯ. ಅದು ನಿಯಮದ ಕರ್ತವ್ಯವೂ ಹೌದು.