ಮಿಟ್‌ಫರ್ಡ್ ಸೋದರಿಯರು

ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದ ಸ್ವಿನ್‌ಬ್ರೂಕ್ ಗ್ರಾಮದ ಬಳಿ ಎರಡನೆಯ ಲಾರ್ಡ್ ರೀಡ್ಸ್‌ಡೇಲನು ಕಟ್ಟಿಸಿದ ದೊಡ್ಡ ಮನೆಯೊಂದುಂಟು. 1930ರ ಈಚಿನ ವರ್ಷಗಳಲ್ಲಿ ಅದರ ಕೊಠಡಿಯೊಂದು ಆತನ ಇಬ್ಬರು ಕುಮಾರಿಯರ ಪಾಲಿಗೆ ಬಂದಿದ್ದಿತು. ಅವರು ಅದನ್ನು ನಟ್ಟನಡುವೆ ಭಾಗಮಾಡಿಕೊಂಡಿದ್ದರು. ಒಂದು ಪಾರ್ಶ್ವವು ಅಕ್ಕ ಯೂನಿಟಿಯದು. ಅಲ್ಲಿ ಮುಸೊಲಿನಿಯ ಪಟ, ನಾಜಿಗಳ ಲಾಂಛನ. ಇನ್ನೊಂದು ಅವಳಿಗಿಂತ ಮೂರು ವರ್ಷ ಕಿರಿಯಳಾದ ಜೆಸ್ಸಿಕಾಳದು. ಅಲ್ಲಿ ಲೆನಿನ್ನನ ಚಿಕ್ಕ ಪ್ರತಿಮೆ, ಕಮ್ಯೂನಿಸ್ಟ್ ಪತ್ರಿಕೆಯ ಕಟ್ಟುಗಳು. ಅಕ್ಕನು ವಜ್ರದುಂಗುರದಿಂದ ಕಿಟಕಿಯ ಗಾಜಿನ ಮೇಲೆ ಸ್ವಸ್ತಿಕವನ್ನು ಕೊರೆದರೆ, ತಂಗಿಯು ಅದರ ಮಗ್ಗುಲಲ್ಲಿ ಸುತ್ತಿಗೆ ಕುಡುಗೋಲುಗಳನ್ನು ಕೊರೆಯುವಳು. ವಾದವು ಮಿತಿಮೀರಿದಾಗ ಕುರ್ಚಿಗಳನ್ನು ಅಡ್ಡವಿಟ್ಟುಕೊಂಡು ಪುಸ್ತಕಗಳನ್ನು ಎಸೆದಾಡುವರು; ದಾದಿಯು ಬಂದು ಗದರಿಸಿದ ಮೇಲೆ ಸುಮ್ಮನಾಗುವರು. ನಮ್ಮ ಹೆಂಗಸರು ಮಂಗಳಾರ್ಥವಾಗಿ ಹೊಸ್ತಿಲಲ್ಲಿ ಬರೆಯುವ ಚಿಹ್ನೆಗೆ ಯೂರೋಪಿನಲ್ಲಿ ಒದಗಿದ ದುರ್ಗತಿಯನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಯೂನಿಟಿಯು ಹುಟ್ಟುವುದಕ್ಕೆ ಮುಂಚೆ ಆಕೆಯ ತಂದೆತಾಯಿಗಳು ಚಿನ್ನದ ಆಸೆಯಿಂದ ಕೆನಡಾದಲ್ಲಿ ಕೆಲಕಾಲ ತಂಗಿದ್ದ ಊರಿನ ಹೆಸರೂ ಸ್ವಸ್ತಿಕವೆಂದೇ ಇದ್ದುದು ಒಂದು ಕಾಕತಾಳೀಯ.

ಆ ಸರದಾರನಿಗೆ ಆರು ಮಂದಿ ಹೆಣ್ಣುಮಕ್ಕಳು, ಒಬ್ಬನೇ ಮಗ. ನ್ಯಾನ್ಸಿ 1904ರಲ್ಲಿ, ಕಡೆಯವಳಾದ ಡೆಬೊರಾ 1920ರಲ್ಲಿ ಹುಟ್ಟಿದರು. ನಡುವೆ ಪಮೇಲಾ, ಟಾಮ್, ಡಯಾನಾ, ಯೂನಿಟಿ, ಜೆಸ್ಸಿಕಾ. ಮಗನನ್ನು ಈಟನ್ ವಿದ್ಯಾಶಾಲೆಗೆ ಕಳುಹಿಸಿದ ತಂದೆಯು ಹೆಣ್ಣುಮಕ್ಕಳಿಗೆ ಶಾಲೆಯ ಅಗತ್ಯವಿಲ್ಲವೆಂದು ಬಗೆದಿದ್ದನು. ಹೊರಗಿನವರ ಒಡನಾಟವಿಲ್ಲದ ಆ ಮಕ್ಕಳು ತಮ್ಮ ತಮ್ಮೊಳಗೇ ಒಂದು ಲೋಕವನ್ನು ಕಟ್ಟಿಕೊಂಡರು. ಯೂನಿಟಿ ಜೆಸ್ಸಿಕಾರು ಇತರರಿಗೆ ತಿಳಿಯದ ಒಂದು ಭಾಷೆಯನ್ನೇ ನಿರ್ಮಿಸಿದ್ದರು. ಅದರಲ್ಲಿ ಇಬ್ಬರಿಗೂ ಒಂದೇ ಹೆಸರು. ಇವಳು ಅವಳನ್ನು ಕರೆಯುವುದೂ ಅವಳು ಇವಳನ್ನು ಕರೆಯುವುದೂ 'ಬೌಡ್' ಎಂದೇ. ಜೆಸ್ಸಿಕಾಳು ಬಾಲ್ಯದಿಂದಲೇ ಕಾಸಿಗೆ ಕಾಸು ಕೂಡಿಸಿ, ಮನೆಯನ್ನು ಬಿಟ್ಟು ಓಡಿಹೋಗುವ ವೆಚ್ಚಕ್ಕೆಂದು ಬ್ಯಾಂಕಿನಲ್ಲಿ ಇಡಗಂಟು ಮಾಡಿದ್ದಳು. ಮನೆಯವರಿಗೆ ಅದು ವಿನೋದವಾಗಿ ಕಂಡಿತು. 1937ರಲ್ಲಿ ಆಕೆ ಆ ಹಣವನ್ನೇ ತೆಗೆದುಕೊಂಡು ಓಡಿಹೋದಳು.

ಅಷ್ಟರಲ್ಲಿ ಮನೆಯು ಒಡೆದುಹೋಗಿದ್ದಿತು. ಸೌಂದರ್ಯಕ್ಕೆ ಹೆಸರಾದ ಡಯಾನಾಳು ಮೊದಲ ಗಂಡನನ್ನು ತ್ಯಜಿಸಿ, ಬ್ರಿಟಿಷ್ ಫ್ಯಾಸಿಸ್ಟರ ಮುಖಂಡನಾದ ಆಸ್ವಾಲ್ಡ್ ಮೋಸ್ಲೆಯನ್ನು 1936ರಲ್ಲಿ ಬರ್ಲಿನ್ನಿನ ಗೊಬೆಲ್ಸನ ಮನೆಯಲ್ಲಿ ಮದುವೆಯಾದಳು; ಹಿಟ್ಲರನೇ ಅತಿಥಿ. ಯೂನಿಟಿಯು 1934ರಲ್ಲಿ ಮ್ಯೂನಿಕ್ ನಗರಕ್ಕೆ ಹೋಗಿ, ಹಿಟ್ಲರನು ಊಟಕ್ಕೆ ಬರುವ ಭೋಜನಶಾಲೆಯಲ್ಲಿ ದಿನದಿನವೂ ಕಾದು ಕುಳಿತು, ಮರುವರ್ಷ ಅವನ ಪರಿಚಯವನ್ನು ಸಂಪಾದಿಸಿದಳು. ತಾನು ಯೆಹೂದ್ಯದ್ವೇಷಿಯೆಂದು ನಾಜಿಗಳ ಪತ್ರಿಕೆಯಲ್ಲಿ ಹೆಸರು ಹಾಕಿ ಪ್ರಕಟಿಸಿದಳು. ಇದನ್ನು ಹುಡುಗಾಟವೆಂದು ತಳ್ಳಿಹಾಕಲಾಗದು. ಜೆಸ್ಸಿಕಾಳಾದರೋ, ಚರ್ಚಿಲ್ಲನ ಹೆಂಡತಿಯ ಸೋದರಿಯ ಮಗನಾದ ಎಸ್ಮಂಡ್ ರೊಮಿಲಿಯೊಡನೆ, ಅಂತರ್ಯುದ್ಧದಿಂದ ಉರಿಯುತ್ತಿದ್ದ ಸ್ಪೇನಿಗೆ ನಡೆದಳು. ಅವಳನ್ನು ಕರೆತರಲು ಬ್ರಿಟಿಷ್ ಸರಕಾರವು ಒಂದು ಯುದ್ಧನೌಕೆಯ ನೆರವನ್ನೇ ಪಡೆಯಿತು. ಅವಳು ಮನೆಗೆ ಬರಲಿಲ್ಲ. ಆಗಲೂ ಯೂನಿಟಿಯು ತಂಗಿಗೆ ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ. ತನ್ನ ಪಕ್ಷಕ್ಕೆ ಅಗತ್ಯಬಿದ್ದರೆ ಎಸ್ಮಂಡನನ್ನು ಗುಂಡಿಟ್ಟು ಕೊಲ್ಲಲು ಹಿಂಜರಿಯುವುದಿಲ್ಲವೆಂದೂ, ಅಲ್ಲಿಯವರೆಗೆ ಸ್ನೇಹದಿಂದಿರಲು ಅಡ್ಡಿಯೇನೆಂದೂ ಅವಳು ಬರೆದಳು.

1939ನೆಯ ಸೆಪ್ಟೆಂಬರ್ 3ರಂದು ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಅಂದೇ ಯೂನಿಟಿಯು ಮ್ಯೂನಿಕ್ಕಿನ ಉದ್ಯಾನವೊಂದರಲ್ಲಿ ತನ್ನ ತಲೆಗೆ ತಾನೇ ಗುಂಡು ಹಾರಿಸಿಕೊಂಡಳು. ಪ್ರಾಣ ಹೋಗಲಿಲ್ಲ; ಬುದ್ಧಿಯು ಮಕ್ಕಳದರಂತಾಯಿತು. 1940ರ ಜನವರಿಯಲ್ಲಿ ತಾಯಿಯೂ ಡೆಬೊರಾಳೂ ಸ್ವಿಟ್ಜರ್ಲೆಂಡಿಗೆ ಹೋಗಿ ಅವಳನ್ನು ಮನೆಗೆ ತಂದರು. ತಾಯಿಯು ಎಂಟು ವರ್ಷ ಅವಳ ಆರೈಕೆ ಮಾಡಿದಳು. ತಂದೆಯು ಜರ್ಮನಿಯ ಪಕ್ಷವನ್ನು ಬಿಟ್ಟನು, ತಾಯಿಯು ಬಿಡಲಿಲ್ಲ. ಅದರಿಂದ ವೃದ್ಧದಂಪತಿಗಳೂ ಬೇರೆಯಾದರು. ಆ ಗುಂಡಿನ ಗಾಯವೇ ವಿಷಮಿಸಿ 1948ರಲ್ಲಿ ಯೂನಿಟಿಯು ತೀರಿಕೊಂಡಳು. 1939ರಲ್ಲಿ ಅಮೆರಿಕಕ್ಕೆ ಹೋದ ಜೆಸ್ಸಿಕಾಳಿಗೆ ಆಮೇಲೆ ತನ್ನ ಬೌಡಳ ಮುಖವನ್ನು ನೋಡಲಾಗಲಿಲ್ಲ.

1940ರ ಜೂನ್ ತಿಂಗಳಿನಲ್ಲಿ ಡಯಾನಾಳನ್ನು ಲಂಡನ್ನಿನ ಹಾಲೊವೇ ಸೆರೆಮನೆಗೆ ಹಾಕಿದರು. ಅವಳ ಹಸುಗೂಸಿಗೆ ಆಗ ಹನ್ನೊಂದು ವಾರ. ಅದಕ್ಕೆ ಸ್ವಲ್ಪ ಮುಂಚೆ ಹಿರಿಯಕ್ಕ ನ್ಯಾನ್ಸಿಯು ಸರಕಾರದ ಅಧಿಕಾರಿಯೊಬ್ಬನ ಬಳಿ, ಡಯಾನಾಳು ರಾಜ್ಯಕ್ಕೆ ಅಪಾಯಕಾರಿಯೆಂದು ಗುಟ್ಟಾಗಿ ನುಡಿದಿದ್ದಳು. ವಿಭೀಷಣನು ಅಣ್ಣನಿಗೆ ಎದುರಿಗೇ ಹೇಳಿ ಹೊರಟುಬಂದನು, ನ್ಯಾನ್ಸಿಯು ಹೇಳಲಿಲ್ಲ. ತಂಗಿಯೊಡನೆ ಮೊದಲಿನ ವಿಶ್ವಾಸದಿಂದಲೇ ಕಡೆಯವರೆಗೂ ನಡೆದುಕೊಂಡಳು. ಆಕೆ ಹೇಳಿದುದು ಸುಳ್ಳಲ್ಲ, ರಾಜ್ಯವೂ ಆಗ ಸಂಕಟದಲ್ಲಿದ್ದಿತು. ಆದರೂ ಮುಚ್ಚಿಟ್ಟುದು ಮಾತ್ರ ಮನಸ್ಸಿಗೆ ಒಗ್ಗುವುದಿಲ್ಲ. 1943ರಲ್ಲಿ ಡಯಾನಾಳ ಬಿಡುಗಡೆಯಾದಾಗ, ಜೆಸ್ಸಿಕಾಳು ಅವಳನ್ನು ಮತ್ತೆ ಸೆರೆಗೆ ಹಾಕಬೇಕೆಂದು ಚರ್ಚಿಲ್ಲನಿಗೆ ಬರೆದು, ಆ ಕಾಗದವನ್ನು ಪತ್ರಿಕೆಗೂ ಕೊಟ್ಟಳು. ಅವಳ ಎಸ್ಮಂಡನು 1941ರಲ್ಲಿ ವಿಮಾನದೊಂದಿಗೆ ಉತ್ತರಸಮುದ್ರದ ಪಾಲಾಗಿದ್ದನು, ಕಂಕುಳಲ್ಲಿ ಕೂಸೊಂದಿದ್ದಿತು. ಮುಂದೆ ಆ ಕಾಗದದ ಧಾಟಿಯು ಆಕೆಗೇ ಹಿಡಿಸಲಿಲ್ಲ. ಆದರೆ ಅಕ್ಕನನ್ನು ಕ್ಷಮಿಸಲೂ ಇಲ್ಲ. ಜರ್ಮನರೊಡನೆ ಹೋರಾಡಲು ಮನಸ್ಸಿಲ್ಲದೆ ಪೂರ್ವದೇಶಕ್ಕೆ ಹೋದ ಟಾಮನು 1945ರಲ್ಲಿ ಬರ್ಮಾದಲ್ಲಿ ಮಡಿದನು.

ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ನಾಜಿಪಕ್ಷದ ಉನ್ಮಾದವು ಯೂನಿಟಿಯಲ್ಲಿ ಇದ್ದಷ್ಟು ಪ್ರಕಟವಾಗಿ ಡಯಾನಾಳಲ್ಲಿ ಇರಲಿಲ್ಲ. ಜೆಸ್ಸಿಕಾಳು ಎರಡನೆಯ ಮದುವೆಯಾದ ವಕೀಲನು ಯೆಹೂದ್ಯ. ಹಾಗಿದ್ದೂ ಯೂನಿಟಿಯನ್ನು ನೆನೆದು ಅಳುತ್ತಿದ್ದವಳು, ಬಾಲ್ಯದಲ್ಲಿ ತಾನು ಆರಾಧಿಸುತ್ತಿದ್ದ ಡಯಾನಾಳೊಡನೆ ಮೂವತ್ತು ವರ್ಷ ಮಾತು ಬಿಟ್ಟಳು. ಅಪರಾಧದ ತೂಕವನ್ನು ನೋಡಿ ಮಾಡಿದ ನ್ಯಾಯವಲ್ಲ ಇದು. ಒಬ್ಬಳು ಕೊಠಡಿಯನ್ನು ಪಾಲು ಹಂಚಿಕೊಂಡವಳು, ತನ್ನ ಗುಂಡಿಗೆ ತಾನೇ ಬಲಿಯಾದವಳು. ಇನ್ನೊಬ್ಬಳು ವಿವೇಕವಿದ್ದೂ ಆರಿಸಿಕೊಂಡವಳು, ಬದುಕಿದ್ದೂ ಪಶ್ಚಾತ್ತಾಪಪಡದವಳು. ಡಯಾನಾಳು ಕಡೆಯವರೆಗೂ ಹಿಟ್ಲರನ ಸ್ನೇಹಕ್ಕಾಗಿ ನೊಂದುಕೊಳ್ಳಲಿಲ್ಲವೆಂಬುದನ್ನು ನೆನೆದರೆ ಜೆಸ್ಸಿಕಾಳ ಹಟವನ್ನು ದೂಷಿಸಲು ಬಾಯಿ ಬಾರದು.

1969ರಲ್ಲಿ ನ್ಯಾನ್ಸಿಯು ವರ್ಸೈಲ್ಸಿನಲ್ಲಿ ರೋಗದಿಂದ ಮಲಗಿದಾಗ ಇಬ್ಬರೂ ಅವಳ ಶುಶ್ರೂಷೆಗೆ ಬಂದರು. ತೋಟದ ಮಾತು, ರೋಗಿಯ ಪಥ್ಯದ ಮಾತು ಆಡಿದರು, ಬೇರೊಂದನ್ನು ಎತ್ತಲಿಲ್ಲ. 1973ರಲ್ಲಿ ನ್ಯಾನ್ಸಿಯು ತೀರಿಕೊಂಡಳು. ಅವಳು 1940ರಲ್ಲಿ ಹೇಳಿದ ಚಾಡಿಯು ಡಯಾನಾಳಿಗೆ ತಿಳಿದುಬಂದುದು ಅನಂತರ. 1976ರಲ್ಲಿ ಯೂನಿಟಿಯ ಚರಿತ್ರೆಯೊಂದು ಪ್ರಕಟವಾದಾಗ, ಮನೆಯ ಚಿತ್ರಗಳನ್ನು ಅಂಟಿಸಿದ್ದ ಹಳೆಯ ಪುಸ್ತಕವೊಂದನ್ನು ಜೆಸ್ಸಿಕಾಳೇ ಕದ್ದು ಕೊಟ್ಟಳೆಂದು ಸೋದರಿಯರಲ್ಲಿ ಗುಮಾನಿ ಹುಟ್ಟಿ, ಲೆನಿನ್ನನಿಗೂ ಹಿಟ್ಲರನಿಗೂ ಕೆಡದಿದ್ದ ಡೆಬೊರಾ ಜೆಸ್ಸಿಕಾರ ಸ್ನೇಹವು ಅದಕ್ಕಾಗಿ ಕೆಲಕಾಲ ಕೆಟ್ಟಿತು. ಆ ಪುಸ್ತಕವು ಕಡೆಗೆ ಸಿಕ್ಕಿತು.

1996ರಲ್ಲಿ ಜೆಸ್ಸಿಕಾಳು ಅಮೆರಿಕದಲ್ಲಿ ಸತ್ತಳು. ಆಕೆಯ ಚಿತಾಭಸ್ಮವನ್ನು ಸಮುದ್ರದಲ್ಲಿ ಬಿಟ್ಟರು. ಡಯಾನಾಳು 2003ರಲ್ಲಿ, ಡೆಬೊರಾಳು 2014ರಲ್ಲಿ ತೀರಿಕೊಂಡರು. ಸ್ವಿನ್‌ಬ್ರೂಕಿನ ಇಗರ್ಜಿಯ ಅಂಗಳದಲ್ಲಿ ಯೂನಿಟಿ, ನ್ಯಾನ್ಸಿ, ಪಮೇಲಾ, ಡಯಾನಾ, ಈ ನಾಲ್ವರ ಸಮಾಧಿಗಳಿವೆ.