ಇಂಧನ ತುಂಬಿಸಿದ ಬಳಿಕ ‘ಚೆಕ್ ಎಂಜಿನ್’ ದೀಪ: ಕಾರಣವೇನು, ಮಾಡಬೇಕಾದುದೇನು?

ಶ್ರವಣಬೆಳಗೊಳ: ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬರುವ ಪ್ರವಾಸಿಗರು ಹಿರೀಸಾವೆ ಅಥವಾ ಚನ್ನರಾಯಪಟ್ಟಣದ ಬಳಿ ಹೆದ್ದಾರಿ ಬಿಟ್ಟು ಗೊಮ್ಮಟನ ಕ್ಷೇತ್ರದತ್ತ ತಿರುಗುತ್ತಾರೆ. ದಾರಿಯಲ್ಲಿ ಇಂಧನ ತುಂಬಿಸಿಕೊಂಡು ಕೆಲವೇ ಕಿ.ಮೀ. ಸಾಗುವಷ್ಟರಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡರೆ ಮೊದಲ ಅನುಮಾನ ಬಂಕ್‌ನ ಮೇಲೆಯೇ. ಈ ಅನುಮಾನ ನಿಜವಿರಬಹುದು. ಕಾರಣ ಕಾರಿನಲ್ಲಿಯೂ ಇರಬಹುದು. ಎರಡನ್ನೂ ಬೇರ್ಪಡಿಸಿ ನೋಡುವ ಕ್ರಮ ತಿಳಿದಿದ್ದರೆ ಎಂಜಿನ್ ಉಳಿಯುತ್ತದೆ, ಪರಿಹಾರ ಕೇಳಲು ಬೇಕಾದ ಸಾಕ್ಷ್ಯವೂ ಉಳಿಯುತ್ತದೆ.

ದೀಪದ ಅರ್ಥ

ಎಂಜಿನ್ ಹಾಗೂ ಹೊಗೆ ನಿಯಂತ್ರಣ ವ್ಯವಸ್ಥೆಯ ದೋಷಗಳನ್ನು ಕಾರಿನ ಕಂಪ್ಯೂಟರ್ ಗುರುತಿಸಿ ಸಂಕೇತ ಸಂಖ್ಯೆಯಾಗಿ ದಾಖಲಿಸುತ್ತದೆ. ಒಬಿಡಿ ಎಂಬ ಈ ವ್ಯವಸ್ಥೆಯ ಎರಡನೇ ಹಂತವು ಭಾರತದ ಬಿಎಸ್-4 ವಾಹನಗಳಿಗೆ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು.

ದೀಪ ಸ್ಥಿರವಾಗಿ ಉರಿಯುತ್ತಿದ್ದು, ಎಂಜಿನ್ ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಸಮೀಪದ ಸರ್ವಿಸ್ ಕೇಂದ್ರ ತಲುಪಬಹುದು. ಪೆಟ್ರೋಲ್ ಕಾರಿನಲ್ಲಿ ದೀಪ ಮಿನುಗುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ ಎಂದರ್ಥ. ಉರಿಯದ ಪೆಟ್ರೋಲ್ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ, ಅಲ್ಲಿ ಹೊತ್ತಿ, ದುಬಾರಿ ಬೆಲೆಯ ಆ ಭಾಗವನ್ನೇ ಸುಟ್ಟುಬಿಡುತ್ತದೆ. ಅಂತಹ ಸಂದರ್ಭದಲ್ಲಿ ಪ್ರಯಾಣ ಮುಂದುವರಿಸಬಾರದು.

ಕಾರಣಗಳು ನಾಲ್ಕು

1. ಸಡಿಲ ಮುಚ್ಚಳ: ಟ್ಯಾಂಕ್‌ನ ಪೆಟ್ರೋಲ್ ಆವಿ ಹೊರಹೋಗದಂತೆ ತಡೆಯುವ ವ್ಯವಸ್ಥೆ ಕಾರಿನಲ್ಲಿರುತ್ತದೆ. ಮುಚ್ಚಳ ಸಡಿಲವಾಗಿದ್ದರೆ ಅಥವಾ ಅದರ ರಬ್ಬರ್ ಸುತ್ತು ಬಿರುಕು ಬಿಟ್ಟಿದ್ದರೆ ಪಿ-0455, ಪಿ-0457ರಂತಹ ಸಂಕೇತಗಳು ದಾಖಲಾಗುತ್ತವೆ. ಸೋರಿಕೆ ಪತ್ತೆ ಮಾಡುವ ಸೌಲಭ್ಯ ಎಲ್ಲ ಮಾದರಿಗಳಲ್ಲಿ ಇರುವುದಿಲ್ಲ. ‘ಟಕ್’ ಎಂಬ ಸದ್ದು ಬರುವವರೆಗೆ ಮುಚ್ಚಳ ತಿರುಗಿಸಿದರೂ ದೀಪ ತಕ್ಷಣ ಆರದು. ಕೆಲವು ಬಾರಿ ಕಾರು ಓಡಿಸಿದ ನಂತರ, ದೋಷ ಮರುಕಳಿಸದಿದ್ದರೆ, ತಾನಾಗಿ ಆರುತ್ತದೆ.

2. ಅತಿಯಾಗಿ ತುಂಬಿಸುವುದು: ಪಂಪ್‌ನ ನಳಿಕೆ ತಾನಾಗಿ ನಿಂತ ಮೇಲೂ ‘ರೌಂಡ್ ಫಿಗರ್’ಗಾಗಿ ಇನ್ನಷ್ಟು ಸುರಿಸುವುದು ನಮ್ಮಲ್ಲಿ ಸಾಮಾನ್ಯ. ಆಗ ದ್ರವ ಪೆಟ್ರೋಲ್, ಆವಿ ಹೀರಲೆಂದು ಇಟ್ಟಿರುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸಬಹುದು. ಪ್ರತಿ ಸಲ ಇಂಧನ ತುಂಬಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಗಲು ತಡಮಾಡುತ್ತಿದ್ದರೆ, ಈ ಡಬ್ಬಿಗೆ ಸೇರಿದ ಪರ್ಜ್ ವಾಲ್ವ್ ತೆರೆದೇ ಉಳಿದಿರುವ ಸಾಧ್ಯತೆ ಹೆಚ್ಚು.

3. ನೀರು ಬೆರೆತ ಇಂಧನ: ಎಂಜಿನ್ ನಡುಗುವುದು, ಎಳೆತ ಕುಗ್ಗುವುದು, ಕೊನೆಗೆ ನಿಂತೇಹೋಗುವುದು ಇದರ ಲಕ್ಷಣ. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ 2025ರ ಜೂನ್‌ನಲ್ಲಿ ಮುಖ್ಯಮಂತ್ರಿಯವರ ಬೆಂಗಾವಲಿನ 19 ವಾಹನಗಳು ಡೀಸೆಲ್ ತುಂಬಿಸಿಕೊಂಡ ಬಳಿಕ ಸಾಲಾಗಿ ನಿಂತುಹೋಗಿದ್ದವು. ಟ್ಯಾಂಕ್‌ಗಳಲ್ಲಿ ನೀರು ಕಂಡುಬಂದಿತ್ತು. ಶೇ. 20ರಷ್ಟು ಎಥನಾಲ್ ಬೆರೆತ ಇ-20 ಪೆಟ್ರೋಲ್‌ಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಸೆಳೆಯುತ್ತದೆ. ನೀರು ಮಿತಿ ಮೀರಿದರೆ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕ್‌ನ ತಳ ಸೇರುತ್ತದೆ. ಪಂಪ್ ಮೊದಲು ಎಳೆದುಕೊಳ್ಳುವುದು ಅದನ್ನೇ. ಇಂತಹ ಸಂದರ್ಭಗಳಲ್ಲಿ ಪಿ-0300 ಮುಂತಾದ ಮಿಸ್‌ಫೈರ್ ಸಂಕೇತಗಳು ಕಾಣಿಸಬಹುದು.

4. ಇಂಧನ ಅದಲುಬದಲು: ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದಿರುವುದು ಬಂಕ್‌ನಲ್ಲೇ ತಿಳಿದರೆ ಕೀಲಿಯನ್ನೇ ತಿರುಗಿಸಬಾರದು. ಡೀಸೆಲ್ ಎಂಜಿನ್‌ನ ಅಧಿಕ ಒತ್ತಡದ ಪಂಪ್‌ಗೆ ಡೀಸೆಲ್ಲೇ ಜಾರೆಣ್ಣೆ; ಪೆಟ್ರೋಲ್ ಆ ಜಾರಿಕೆಯನ್ನು ತೊಳೆದುಹಾಕುತ್ತದೆ. ಕಾರನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಟ್ಯಾಂಕ್ ಪೂರ್ಣ ಖಾಲಿ ಮಾಡಿಸುವುದೇ ದಾರಿ.

ಕಾಕತಾಳೀಯವೂ ಇರಬಹುದು. ಸವೆದ ಸ್ಪಾರ್ಕ್ ಪ್ಲಗ್ ಅಥವಾ ಆಕ್ಸಿಜನ್ ಸೆನ್ಸರ್ ಕೆಡಲು ಬಂಕ್‌ನ ಹಂಗಿಲ್ಲ. ಆದ್ದರಿಂದ ಸಂಕೇತ ಸಂಖ್ಯೆ ಓದದೆ ತೀರ್ಮಾನಕ್ಕೆ ಬರುವುದು ಸಲ್ಲದು.

ಸಾಕ್ಷ್ಯ ಅಳಿಸದಿರಿ

ಬ್ಯಾಟರಿಯ ತಂತಿ ಕಳಚಿ ಜೋಡಿಸಿ ದೀಪ ಆರಿಸುವುದು ರಸ್ತೆ ಬದಿಯ ಸುಲಭೋಪಾಯ. ಇದರಿಂದ ದೋಷ ಹೋಗದು. ದೋಷ ಕಾಣಿಸಿಕೊಂಡ ಕ್ಷಣದ ವೇಗ, ಉಷ್ಣತೆ ಮೊದಲಾದ ದಾಖಲೆ ಮಾತ್ರ ಅಳಿಸಿಹೋಗಬಹುದು. ಮೊದಲು ಸ್ಕ್ಯಾನರ್‌ನಿಂದ ಸಂಕೇತಗಳನ್ನು ಓದಿಸಿ, ಬರೆದಿಟ್ಟುಕೊಳ್ಳಬೇಕು.

ಇಂಧನದ ಮೇಲೆ ಅನುಮಾನ ಬಲವಾದರೆ ಬಿಲ್ ಜೋಪಾನ ಮಾಡಿ, ಟ್ಯಾಂಕ್‌ನಿಂದ ತೆಗೆದ ಮಾದರಿಯನ್ನು ಸರ್ವಿಸ್ ಕೇಂದ್ರದ ಲಿಖಿತ ವರದಿಯೊಂದಿಗೆ ಇಟ್ಟುಕೊಳ್ಳಬೇಕು. ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಹಾಗೂ ಸಾಂದ್ರತೆ ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗಿದೆ. ಶುದ್ಧ ಪೆಟ್ರೋಲ್‌ನ ಹನಿ ಕಾಗದದ ಮೇಲೆ ಕಲೆ ಉಳಿಸದೆ ಆರುತ್ತದೆ. ಆದರೆ ಈ ಪರೀಕ್ಷೆ ನೀರಿನ ಅಂಶವನ್ನು ಖಚಿತವಾಗಿ ತೋರಿಸದು. ನೀರಿನ ಅನುಮಾನವಿದ್ದರೆ ಪಾರದರ್ಶಕ ಬಾಟಲಿಯಲ್ಲಿ ಮಾದರಿ ಹಿಡಿದು, ತಳದಲ್ಲಿ ಬೇರೆ ಪದರ ನಿಲ್ಲುವುದೇ ಎಂದು ನೋಡಬೇಕು.

ಬಂಕ್‌ನ ದೂರು ಪುಸ್ತಕದಲ್ಲಿ ಬರೆದು, ಸಂಬಂಧಿಸಿದ ತೈಲ ಕಂಪನಿಗೆ ತಿಳಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಬಗೆಹರಿಯದಿದ್ದರೆ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ನೀಡುತ್ತದೆ.